ಬಯಕೆಯ ಪುಂಡಿ

ಮರಾಠಿ ನಾಡಿನ ದಿವಾ ಸ್ಟೇಷನ್ನಿನಿಂದ ಅರ್ಧ ಗಂಟೆ ನಡೆದರೆ ಸಿಗುವ ಆ ಹಳ್ಳಿಯಲ್ಲಿ ವನಮಾಲಾಳ ಬಾಯಿಗೆ ಹೆದರದವರಿಲ್ಲ. ಸ್ವಂತ ಸೊಸೆಯ ಎದುರು ಮಾತ್ರ ಆ ಬಾಯಿಗೆ ಬೀಗ. ಮಗ ಪ್ರಥಮನೋ, ತಮ್ಮೂರು ಉಡುಪಿ ಕಡೆ ಅವಳು ನೋಡಿಟ್ಟ ಹುಡುಗಿಯರನ್ನೆಲ್ಲ ಬಿಟ್ಟು, ಆಫೀಸಿನಲ್ಲಿ ಪರಿಚಯವಾದ ಕಲಬುರ್ಗಿಯ ಶರಣಬಸಮ್ಮನನ್ನು ಕಟ್ಟಿಕೊಂಡಿದ್ದ. ಹತ್ತು ತಿಂಗಳಾದರೂ ವನಮಾಲಾ ಸೊಸೆಗೆ ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದಳು. ಮಗನ ಹತ್ತಿರ ಬೇಕೆಂದೇ ತುಳುವಿನಲ್ಲಿ ಮಾತಾಡುತ್ತಿದ್ದಳು.

ಮಗನಿಗೂ ಸಾಕಾಯಿತು. ಒಂದನೇ ತಾರೀಖಿಗೆ ಕಾಮೋಠೆಯ ಬಾಡಿಗೆ ಮನೆಗೆ ಹೋಗುತ್ತೇವೆ ಎಂದುಬಿಟ್ಟ. ಸೊಸೆಗೆ ಆಗ ಮೂರು ತಿಂಗಳು. ಮಗನ ಜೊತೆ ಮೊಮ್ಮಗುವೂ ಕೈತಪ್ಪಿತಲ್ಲ ಎಂದು ವನಮಾಲಾ ಒಳಗೇ ಮರುಗಿದಳು. ಆದರೆ ಹೋಗಬೇಡಿ ಎನ್ನಲು ನಾಲಿಗೆ ಏಳಬೇಕಲ್ಲ!

ಹೀಗಿರುವಾಗ ಒಂದು ಬೆಳಿಗ್ಗೆ ಸೊಸೆ ಗಂಡನಿಗೆ ಹೇಳಿದ್ದು ಅಡುಗೆಮನೆಗೆ ಕೇಳಿಸಿತು.

"ಬಾಯಿ ಕೆಟ್ಟದರಿ. ಪುಂಡಿ ತಿನ್ಬೇಕಂತ ಭಾಳ ಅನಸ್ಲಿಕತ್ತದ."

ಪುಂಡಿ! ವನಮಾಲಾ ಹಿಗ್ಗಿ ಹೀರೇಕಾಯಿಯಾದಳು. ಆಗಲೇ ಅಕ್ಕಿ ನೆನೆಹಾಕಿ, ತೆಂಗಿನಕಾಯಿ ತುರಿದು, ತರಿತರಿಯಾಗಿ ರುಬ್ಬಿ ಕಾಯಿಸಿ, ಉಂಡೆ ಕಟ್ಟಿ ಹಬೆಗಿಟ್ಟಳು. ಅದು ಬೇಯುವಷ್ಟರಲ್ಲಿ ಬಾವಿಕಟ್ಟೆಗೆ ಹೋಗಿ, ಹೊಟ್ಟೆಯಲ್ಲಿರುವಾಗಲೇ ಮಗು ನಮ್ಮೂರಿನ ಪುಂಡಿ ಕೇಳುತ್ತಿದೆ ಎಂದು ತನ್ನ ಹರಕು ಮರಾಠಿಯಲ್ಲಿ ಸಾರಿಯೂ ಬಂದಳು.

ಸೊಸೆ ತಟ್ಟೆಯಲ್ಲಿದ್ದ ಅಕ್ಕಿಯ ಉಂಡೆಗಳನ್ನು ನೋಡಿದಳು, ಅತ್ತೆಯ ಮುಖ ನೋಡಿದಳು, ಕೂತು ಐದು ತಿಂದಳು. ಆಮೇಲೆ ಹಿತ್ತಲಿಗೆ ಹೋಗಿ ಎಲ್ಲವನ್ನೂ ವಾಂತಿ ಮಾಡಿದಳು. ಬಸುರಿಗೆ ಅದು ಇದ್ದದ್ದೇ ಎಂದುಕೊಂಡಳು ವನಮಾಲಾ.

ಮರುದಿನ, ಬಾವಿಕಟ್ಟೆಯಲ್ಲಿ ಸುದ್ದಿ ಕೇಳಿದ್ದ ಪಕ್ಕದ ಮನೆಯ ಮ್ಹಾತ್ರೆ ಕಾಕು ಹೊಲದಿಂದ ಒಂದು ಕಟ್ಟು ಹುಳಿಸೊಪ್ಪು ತಂದಳು.

"ಹೀ ಘೇ ಅಂಬಾಡಿ. ತುಝೀ ಸೂನ್ ಹಿಲಾ ಪುಂಡಿ ಮ್ಹಣತೆ."

ತಗೋ ಅಂಬಾಡಿ ಸೊಪ್ಪು, ನಿನ್ನ ಸೊಸೆ ಇದಕ್ಕೆ ಪುಂಡಿ ಅನ್ನುತ್ತಾಳಂತೆ! ವನಮಾಲಾಳಿಗೆ ಊರೆಲ್ಲ ಡಂಗುರ ಸಾರಿದ್ದು ನೆನಪಾಗಿ ಮೈಯೆಲ್ಲ ಉರಿಯಿತು. ಸೊಪ್ಪು ಹಿಡಿದುಕೊಂಡೇ ಒಳಗೆ ನುಗ್ಗಿದಳು. ಸಿಟ್ಟಿನ ಭರದಲ್ಲಿ ಗೋಡೆ ಮರೆತೇಹೋಯಿತು.

"ಬೇಕಾದ್ದು ಸೊಪ್ಪು ಅಂತ ಬಾಯಿ ಬಿಟ್ಟು ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?"

ಶರಣಬಸಮ್ಮ ಸೆರಗಿನ ತುದಿ ಹಿಂಡುತ್ತ ನಿಂತಳು. "ಹತ್ತು ತಿಂಗಳಾಗ ನನಗಂತ ನೀವು ಮಾಡಿದ್ದು ಅದೊಂದೇ ಅತ್ತಿ. ಹ್ಯಾಂಗ ಬ್ಯಾಡನ್ಲಿ?"

ವನಮಾಲಾಳಿಗೆ ನಾಚಿಕೆಯಾಯಿತು. ಇಷ್ಟು ದಿನ ಈ ಹುಡುಗಿಯನ್ನು ತಾನು ಹಸಿವಿನಲ್ಲೇ ಇಟ್ಟಿದ್ದೆ ಅನ್ನಿಸಿತು. ನೆಲದ ಮೇಲೆ ಕುಳಿತು ಸೊಪ್ಪು ಬಿಡಿಸತೊಡಗಿದಳು.

"ಇದನ್ನು ಹೇಗೆ ಮಾಡುದು? ನಂಗೆ ಗೊತ್ತಿಲ್ಲ, ನೀನೇ ಹೇಳು."

ಸಂಜೆ ಪ್ರಥಮ ಸಾಮಾನು ತುಂಬಲು ನಾಲ್ಕು ಖಾಲಿ ಡಬ್ಬ ಹೊತ್ತು ಬಂದ. ನೋಡಿದರೆ ಅತ್ತೆ ಸೊಸೆ ಒಂದೇ ತಟ್ಟೆಯ ಮುಂದೆ. ನಿನ್ನೆ ಉಳಿದ ಉಂಡೆ ಮುರಿದು ಹುಳಿಹುಳಿ ಪಲ್ಯಕ್ಕೆ ಅದ್ದಿ ತಿನ್ನುತ್ತಿದ್ದರು.

"ನಾಡಿದ್ದೇ ಒಂದನೇ ತಾರೀಖು," ಎಂದ ಅವನು.

"ಕಾಮೋಠ್ಯಾಗ ನನಗ ಪುಂಡಿ ಯಾರು ಮಾಡಿಕೊಡ್ತಾರ?" ಎಂದಳು ಶರಣಬಸಮ್ಮ, ತಟ್ಟೆಯಿಂದ ತಲೆ ಎತ್ತದೆ.

"ಯಾವ ಪುಂಡಿ?"

"ಎರಡೂ. ಆ ಡಬ್ಬ ಅಟ್ಟಕ್ಕೆ ಹಾಕು," ಎಂದಳು ವನಮಾಲಾ, ಸೊಸೆಗೂ ತಿಳಿಯಲೆಂದು ಕನ್ನಡದಲ್ಲೇ.