ಚೊಕ್ಕ ಫಿಲ್ಮು

ಮೂಳೆ ನೆಟ್ಟಗಿದ್ದರೆ ಮನುಷ್ಯ ನೆಟ್ಟಗಿದ್ದಾನೆ ಎಂದು ಯಾವ ಮಹಾನುಭಾವ ಹೇಳಿಕೊಟ್ಟನೋ ಕಾಣೆ. ಅವನು ಕೈಗೆ ಸಿಕ್ಕರೆ ಬೆವರಿಳಿಸಿಬಿಡುತ್ತೇನೆ. ಎಕ್ಸ್‌ರೇ ನೋಡಿ ವರದಿ ಬರೆಯುವ ಡಾಕ್ಟರು ನಾನು. ದಿನವಿಡೀ ಆಸ್ಪತ್ರೆಯ ಮಬ್ಬುಗತ್ತಲ ಕೋಣೆಯಲ್ಲಿ ಕೂತು ಊರವರ ಎಲುಬೆಲ್ಲ ನೋಡುತ್ತೇನೆ. ಸ್ವಂತ ತಂಗಿಯ ತೊಡೆಯ ಫಿಲ್ಮು ಮಾತ್ರ ನನ್ನ ಕಣ್ಣಿಗೆ ಬಿದ್ದದ್ದು ಮೂರು ತಿಂಗಳು ತಡವಾಗಿ.

ತಂಗಿ ಕಾರು ಓಡಿಸುವುದನ್ನು ಕಲಿಸುತ್ತಾಳೆ. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲಡಿಗಿರುವ ಇನ್ನೊಂದು ಕ್ಲಚ್ಚು, ಬ್ರೇಕು ಒತ್ತಿ ಅವರ ಪ್ರಾಣ ಉಳಿಸುವ ಕೆಲಸ. ಶಿಷ್ಯರು ಅವಳನ್ನು ‘ಬ್ರೇಕ್ ಮೇಡಂ’ ಎಂದೇ ಕರೆಯುವುದು. ಆವತ್ತು ಅವಳು ನನ್ನ ಕೋಣೆಗೆ ಕುಂಟುತ್ತಾ ಬಂದಳು. ಎಡತೊಡೆಯಲ್ಲಿ ಅಂಗೈ ತುಂಬುವಷ್ಟು ದೊಡ್ಡ ಗಡ್ಡೆ.

“ಯಾವಾಗಿಂದ ಇದೆ ಇದು?”

“ಮೂರು ತಿಂಗಳ ಹಿಂದೆ ನಿಂಬೆಹಣ್ಣಿನಷ್ಟಿತ್ತು. ಮೂಳೆ ಡಾಕ್ಟ್ರಿಗೆ ತೋರಿಸ್ದೆ ಅಕ್ಕ. ಎಕ್ಸ್‌ರೇ ತೆಗೆಸಿ, ‘ಮೂಳೆ ಬಂಗಾರದ ಹಾಗಿದೆ, ಕ್ಲಚ್ ಒತ್ತಿ ಒತ್ತಿ ಸ್ನಾಯು ಊದಿದೆ’ ಅಂದ್ರು. ಮುಲಾಮು ಕೊಟ್ರು.”

“ನಾನೇನು ಸತ್ತುಹೋಗಿದ್ನಾ? ನನಗ್ಯಾಕೆ ತೋರಿಸಲಿಲ್ಲ?”

“ನೀನು ಮೊದಲು ಬೈತೀಯ, ಆಮೇಲೆ ನೋಡ್ತೀಯ. ಅವರು ನೋಡಿದ್ದಾರಲ್ಲ ಅಂತ ಸುಮ್ಮನಾದೆ.”

ಬೈದೆ. ಆಮೇಲೆ ಅವಳು ತಂದ ಫಿಲ್ಮು ನೋಡಿದೆ.

ತೊಡೆಯ ಮೂಳೆ ಬೆಳ್ಳಗೆ ಹೊಳೆಯುತ್ತಿತ್ತು. ಸುತ್ತಲೂ ಕಾಡಿಗೆ ಬಳಿದಂಥ ಕಪ್ಪು. ಈ ಕಾಲಿಗೆ ಮಾಂಸವೇ ಇಲ್ಲವೇನೋ ಅನ್ನಬೇಕು! ಆ ಡಾಕ್ಟರ ಕ್ಲಿನಿಕ್ಕಿನ ಪದ್ಧತಿಯೇ ಅದು. ಚಿತ್ರದ ಕಪ್ಪು ಬಿಳುಪಿನ ಅಂತರವನ್ನು ಏರಿಸಿ, ಮಾಂಸವೆಲ್ಲ ಕತ್ತಲಲ್ಲಿ ಮುಳುಗುವಂತೆ ಮಾಡಿಯೇ ಫಿಲ್ಮು ತೆಗೆಸುವುದು. ಅದಕ್ಕೆ ಅವರು ಇಟ್ಟ ಹೆಸರು ‘ಚೊಕ್ಕ ಫಿಲ್ಮು’. ಅದರ ಬಗ್ಗೆ ಅವರಿಗೆ ಜಂಬ ಬೇರೆ.

ಅಲ್ಲಿಗೆ ಫೋನು ಮಾಡಿ ಮೂಲ ಚಿತ್ರವನ್ನು ನನ್ನ ಕಂಪ್ಯೂಟರಿಗೆ ತರಿಸಿಕೊಂಡೆ. ಬೆಳಕು ಸರಿಮಾಡಿದ್ದೇ ತಡ, ಮಾಂಸ ಕಾಣಿಸಿತು. ಸ್ನಾಯುಗಳ ನಡುವಿನ ಕೊಬ್ಬು ತೆಳ್ಳನೆಯ ಕಪ್ಪು ಗೆರೆಗಳಾಗಿ ನೆಟ್ಟಗೆ ಹೋಗಬೇಕು. ಇಲ್ಲಿ ಒಂದು ಮಬ್ಬು ಬಿಳಿ ಉಂಡೆ ಆ ಗೆರೆಗಳನ್ನು ಪಕ್ಕಕ್ಕೆ ತಳ್ಳಿಕೊಂಡು ಕೂತಿತ್ತು. ಆಗ ಅದು ಮೂಳೆಯನ್ನು ಇನ್ನೂ ಮುಟ್ಟಿರಲಿಲ್ಲ. ಅಯ್ಯೋ, ಕಣ್ಣಿಗೆ ಹೊಡೆಯುವ ಹಾಗೆ ಇತ್ತಲ್ಲ!

ಕೂಡಲೇ ಹೊಸ ಎಕ್ಸ್‌ರೇ ತೆಗೆಸಿದೆ. ಉಂಡೆಗೆ ತಾಗಿದ ಕಡೆ ಮೂಳೆಯ ಹೊರಮೈ, ಗಟ್ಟಿ ಬೆಣ್ಣೆಯನ್ನು ಚಮಚದಲ್ಲಿ ಕೆರೆದ ಹಾಗೆ ತಗ್ಗಾಗಿತ್ತು. ಒಳಗಿನಿಂದ ಬಂದದ್ದಲ್ಲ, ಮಾಂಸದಲ್ಲಿ ಹುಟ್ಟಿ ಹೊರಗಿನಿಂದ ತಿನ್ನುತ್ತಿರುವುದು. ಎಕ್ಸ್‌ರೇ ಅನುಮಾನ ಹುಟ್ಟಿಸಬಲ್ಲದು, ಹೆಸರು ಹೇಳಲಾರದು. ಸ್ಕ್ಯಾನು ಮಾಡಿಸಿ, ಸೂಜಿಯಲ್ಲಿ ಚೂರು ತೆಗೆಸಿ ನೋಡಿದ ಮೇಲೆ ಹೆಸರೂ ಸಿಕ್ಕಿತು: ಸ್ನಾಯುವಿನ ಕ್ಯಾನ್ಸರ್. ಪುಣ್ಯಕ್ಕೆ ಬೇರೆಲ್ಲೂ ಹರಡಿರಲಿಲ್ಲ.

ತಂಗಿ ಸರ್ಜನ್ನರನ್ನು ಕೇಳಿದ್ದು ಒಂದೇ ಮಾತು. “ಕಾಲು ಉಳಿಯುತ್ತಾ?”

“ಉಳಿಸ್ತೀವಮ್ಮ. ಆದ್ರೆ ಗಡ್ಡೆ ಜೊತೆ ಆ ಮೂಳೆನೂ ಕತ್ತರಿಸಿ ರಾಡ್ ಹಾಕ್ಬೇಕು. ಮೂಳೆಗೆ ತಾಗೋ ಮೊದಲೇ ಬಂದಿದ್ರೆ ಬರೀ ಸುತ್ತಲಿನ ಮಾಂಸ ತೆಗೆದ್ರೆ ಸಾಕಿತ್ತು. ಕೋಲು ಹಿಡಿದು ನಡೀತೀರ. ಕ್ಲಚ್ ಮಾತ್ರ ಇನ್ನು ಬೇಡ.”

ತಂಗಿ ತಲೆಯಾಡಿಸಿದಳು. ನಾನು ಎರಡೂ ಚಿತ್ರ ಹಿಡಿದುಕೊಂಡು ಮೂಳೆ ಡಾಕ್ಟರ ಕ್ಲಿನಿಕ್ಕಿಗೆ ಹೊರಟೆ. ತಂಗಿ, “ನಾನೂ ಬರ್ತೀನಿ” ಅಂದಳು.

ಅವರು ನನ್ನ ಚಿತ್ರಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. “ಮೇಡಂ, ನಾನು ಮೂಳೆ ಡಾಕ್ಟ್ರು. ಮುರಿದಿದೆಯಾ ಅಂತ ನೋಡ್ದೆ, ಮುರಿದಿರಲಿಲ್ಲ. ಮಾಂಸ ಎಲ್ಲ ಬಂದ್ರೆ ಫಿಲ್ಮು ಗಲೀಜಾಗುತ್ತೆ.”

ಗಲೀಜಂತೆ! ನನ್ನ ಪಿತ್ತ ನೆತ್ತಿಗೇರಿತು. “ರೀ ಸ್ವಾಮಿ, ಮನೇಲಿ ಕಳ್ಳ ಇದ್ದಾನೆ ನೋಡಿ ಅಂದ್ರೆ ದೀಪ ಆರಿಸಿ ಯಾರೂ ಕಾಣ್ತಿಲ್ಲ ಅಂದ ಹಾಗಾಯ್ತಲ್ರೀ! ಇವಳೇನು ಮೂಳೆ ಮುರಿದಿದೆ ಅಂತ ಬಂದಿದ್ಳಾ? ಗಡ್ಡೆ ಇದೆ ಅಂತ ತಾನೆ ಬಂದಿದ್ದು?”

“ಕೂಗಾಡ್ಬೇಡಿ ಮೇಡಂ. ಆಗ ಅದು ಸಣ್ಣದಿತ್ತು, ಮೆತ್ತಗಿತ್ತು. ನನ್ನ ಜಾಗದಲ್ಲಿ ಯಾರಿದ್ರೂ ಊತ ಅಂತಾನೇ ಹೇಳ್ತಿದ್ರು.”

ನಾನು ಬಾಯಿ ತೆರೆಯುವಷ್ಟರಲ್ಲಿ ತಂಗಿ ನನ್ನ ಮೊಣಕೈ ಹಿಡಿದಳು.

“ಮೆತ್ತಗಿತ್ತು ಅಂತ ನಿಮಗೆ ಹೇಗೆ ಗೊತ್ತು ಡಾಕ್ಟ್ರೇ?”

ಅವರು ಮತ್ತೆ ಚಿತ್ರದತ್ತ ಕೈ ಚಾಚಿದರು.

“ನೀವು ಈ ಕುರ್ಚಿಯಿಂದ ಎದ್ದೇ ಇರಲಿಲ್ಲ. ಫಿಲ್ಮು ನೋಡಿದ್ರಿ, ಮುಲಾಮು ಬರೆದ್ರಿ, ಮುಂದಿನವರನ್ನ ಕರೆದ್ರಿ. ನನ್ನ ಕಾಲು ಮುಟ್ಟಲೇ ಇಲ್ಲ.”

ಮೇಜನ್ನು ಸುತ್ತಿಕೊಂಡು ಕುಂಟುತ್ತಾ ಹೋಗಿ ಅವರ ಎದುರು ನಿಂತಳು. ಅವರ ಬಲಗೈ ಹಿಡಿದೆಳೆದು, ಬಟ್ಟೆಯ ಮೇಲಿಂದಲೇ ಗಡ್ಡೆಯ ಮೇಲೆ ಒತ್ತಿಟ್ಟಳು. ಅವರು ಕೈ ಹಿಂದಕ್ಕೆಳೆದುಕೊಳ್ಳಲು ನೋಡಿದರು. ಅವಳು ಬಿಡಲಿಲ್ಲ.

“ಈಗ ಹೇಳಿ,” ಅಂದಳು. “ಮೆತ್ತಗಿದೆಯಾ?”