ಎರಡನೆಯ ಚೀಲದ ಮರಿಗಳು

ಟೇಲರಕ್ಕನ ಕತ್ತರಿಗಿಂತ ಅವಳ ನಾಲಿಗೆಯೇ ಚೂಪು ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಹಿಂದಿನಿಂದಲ್ಲ, ಎದುರಿಗೇ ಹೇಳುತ್ತಿದ್ದರು. ಅವಳೂ ನಕ್ಕು, "ಕತ್ತರಿಗಾದ್ರೆ ಸಾಣೆ ಹಿಡಿಸ್ಬೇಕು, ನನ್ನ ನಾಲಿಗೆಗೆ ಆ ಖರ್ಚೂ ಇಲ್ಲ" ಅನ್ನುತ್ತಿದ್ದಳು. ಮದುವೆಯಾಗದೆ ಉಳಿದವಳು. ತಾಯಿ ತೀರಿಕೊಂಡಾಗ ತಂಗಿಗೆ ಇನ್ನೂ ಹಾಲುಹಲ್ಲು ಬೀಳುವ ವಯಸ್ಸು. ಅವಳಿಗೆ ಜಡೆ ಹಾಕಿ, ಫ್ರಾಕು ಹೊಲಿದು, ಶಾಲೆಗೆ ಕಳಿಸಿ, ಕೊನೆಗೆ ಮದುವೆ ಮಾಡಿಕೊಟ್ಟದ್ದೂ ಈ ಅಕ್ಕನೇ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಒಲೆ, ಅದರಾಚೆ ಹಿತ್ತಲು. ಅವಳ ಲೋಕ ಅಷ್ಟೇ.

ಆ ತಂಗಿ ಮದುವೆಯಾಗಿ ಮೂರು ವರ್ಷ ತುಂಬುವ ಮೊದಲೇ ತೌರಿಗೆ ಬಂದಳು. ಬಂದಳು ಅನ್ನುವುದಕ್ಕಿಂತ ಅಕ್ಕ ಹೋಗಿ ಕರೆತಂದಳು ಅನ್ನಬೇಕು. ಇನ್ನೂ ಬೋರಲು ಬೀಳುವುದನ್ನು ಕಲಿಯುತ್ತಿದ್ದ ಕೂಸು ಜ್ವರ ಬಂದು ಹೋಗಿಬಿಟ್ಟಿತ್ತು. ಗಂಡ ಅನ್ನಿಸಿಕೊಂಡವನು ಹೆಂಡತಿಯ ಮುಖ ನೋಡಲಾರದೆ ಬೇರೆ ಊರಿನಲ್ಲಿ ಕೆಲಸ ಹುಡುಕಿಕೊಂಡು ಹೊರಟ. ಅತ್ತೆ ಮಾತ್ರ ಬಂದವರ ಮುಂದೆಲ್ಲ, "ಎಲ್ಲಾ ಇವಳ ಕಾಲ್ಗುಣ" ಎಂದು ಹೇಳಿಕೊಂಡು ತಿರುಗಿದಳು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಟೇಲರಕ್ಕ ಅರ್ಧ ಹೊಲಿದ ಅಂಗಿಯನ್ನು ಯಂತ್ರದ ಮೇಲೇ ಬಿಟ್ಟು ಬಸ್ಸು ಹತ್ತಿದಳು. ಆ ಮನೆಯ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ನನ್ನ ತಂಗಿ ಕಾಲ್ಗುಣ ಎಣಿಸೋಕೆ ನೀವ್ಯಾರ್ರೀ? ಮಗು ಕಳ್ಕೊಂಡವಳಿಗೆ ಒಂದು ಲೋಟ ನೀರು ಕೊಡೋ ಯೋಗ್ಯತೆ ಇಲ್ಲ, ಮಾತು ಬೇರೆ! ನಡಿಯೇ ಪುಟ್ಟಿ, ನಿನ್ನ ಮನೆ ಇನ್ನೂ ಇದೆ."

ಪುಟ್ಟಿ ಬಂದಳೇನೋ ನಿಜ, ಆದರೆ ಅರ್ಧ ಜೀವ ಅಲ್ಲೇ ಉಳಿದಂತಿತ್ತು. ಉಣ್ಣು ಅಂದರೆ ಉಣ್ಣುವಳು, ಮಲಗು ಅಂದರೆ ಮಲಗುವಳು. ಉಳಿದ ಹೊತ್ತೆಲ್ಲ ಹಿತ್ತಲ ಮೆಟ್ಟಿಲ ಮೇಲೆ ಕೂತು ಎದುರಿನ ಹೊಂಡವನ್ನು ನೋಡುವಳು. ನೋಡುವಂಥದ್ದೇನೂ ಅದರಲ್ಲಿ ಇರಲಿಲ್ಲ. ಅಪ್ಪ ಮನೆ ಕಟ್ಟುವಾಗ ಗೋಡೆಗೆ ಮಣ್ಣು ತೆಗೆದ ಗುಂಡಿ, ಆಮೇಲೆ ಒಸರು ನೀರು ನಿಂತು ಹೊಂಡವಾಗಿತ್ತು. ಈಗ ಮೇಲೆಲ್ಲ ಕಳೆ, ಕೆಳಗೆ ಮೊಣಕಾಲುದ್ದ ಹೂಳು, ನಡುವೆ ಸೊಳ್ಳೆಗಳ ಸಂಸಾರ.

ಒಂದು ಸಂಜೆ ತಂಗಿ ತಾನಾಗಿ ಬಾಯಿಬಿಟ್ಟಳು. "ಅಕ್ಕ, ಇದನ್ನ ಸ್ವಚ್ಛ ಮಾಡಿ ಮೀನು ಸಾಕಬಹುದಲ್ವಾ?"

ಅವಳು ಆ ಹೊತ್ತಿನಲ್ಲಿ ತಿಮಿಂಗಿಲ ಕೇಳಿದ್ದರೂ ಅಕ್ಕ ಹುಡುಕಿಕೊಂಡು ಹೋಗುತ್ತಿದ್ದಳು. ಮರುದಿನವೇ ಮಾರುಕಟ್ಟೆಯ ಹತ್ತಿರ ಮೀನಿನ ಮರಿ ಮಾರುವವನನ್ನು ಹಿಡಿದು ತಂದಳು. ಅವನು ಬಂದು ಸುತ್ತ ನೋಡಿ ತಲೆ ಕೆರೆದುಕೊಂಡ.

"ಟೇಲರಕ್ಕ, ಇದರಲ್ಲಿ ಮೀನು ಬಿಟ್ರೆ ಅವು ನನ್ನ ಮೇಲೆ ಕೇಸು ಹಾಕ್ತವೆ."

"ಅದಕ್ಕೇ ನಿನ್ನ ಕರೆದದ್ದು. ಏನು ಮಾಡ್ಬೇಕು ಹೇಳು, ತಮಾಷೆ ಆಮೇಲೆ."

ಅವನು ಹೇಳಿದ. ನೀರು ಪೂರ್ತಿ ಹೊರಹಾಕಬೇಕು. ಹೂಳೆತ್ತಬೇಕು. ಕೆಸರಲ್ಲಿ ಅಡಗಿ ಕೂತು ಮರಿಗಳನ್ನು ನುಂಗುವ ಹಳೆಯ ಮೀನೊಂದೂ ಉಳಿಯಬಾರದು. ತಳ ಬಿರುಕು ಬಿಡುವವರೆಗೆ ಒಣಗಬೇಕು. ಆಮೇಲೆ ಸುಣ್ಣ, ಆಮೇಲೆ ಸಗಣಿ, ಆಮೇಲೆ ಹೊಸ ನೀರು. ಮೇಲೆ ಬಾಗಿದ ಮರದ ಕೊಂಬೆ ಕಡಿಯಬೇಕು, ಬಿಸಿಲು ಬೀಳದಿದ್ದರೆ ನೀರು ಸತ್ತ ಹಾಗೇ. "ನೀರು ತಿಳಿಯಾಗಿ ಕಂಡರೆ ಮೀನಿಗೆ ಉಪವಾಸ. ತೆಳು ಹಸಿರು ಬರಬೇಕು. ಬಂದಾಗ ಹೇಳಿಕಳಿಸಿ, ಮರಿ ತರ್ತೀನಿ."

ಅಕ್ಕತಂಗಿಯರು ಸೀರೆ ಎತ್ತಿ ಕಟ್ಟಿ ಇಳಿದರು. ಬಕೆಟ್ಟು ಬಕೆಟ್ಟಾಗಿ ನೀರು ಹೊರಹೋಯಿತು. ಹೂಳಿನಲ್ಲಿ ಹಳೆಯ ಚಪ್ಪಲಿ, ಒಡೆದ ಹೂಜಿ, ಅಪ್ಪನ ಗಾರೆ ಕರಣೆ ಎಲ್ಲ ಸಿಕ್ಕವು. ಒಂದು ಕಪ್ಪೆ ಟೇಲರಕ್ಕನ ಹೆಗಲ ಮೇಲೆ ಹಾರಿ ಕೂತಾಗ ಅವಳು ಹಾಕಿದ ಕಿರುಚಾಟಕ್ಕೆ ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ತಂಗಿ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕೆಸರಿನಲ್ಲೇ ಕುಕ್ಕರಿಸಿ ನಕ್ಕಳು. ಅಕ್ಕ ಹೊರಗೆ ಬಯ್ಯುತ್ತಲೇ ಒಳಗೆ, ಈ ಕಪ್ಪೆ ನೂರು ವರ್ಷ ಬಾಳಲಿ ಎಂದುಕೊಂಡಳು. ಆ ದಿನ ತಂಗಿ ಕೇಳಿ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು.

ತಳ ಒಣಗಿತು. ಸುಣ್ಣ ಎರಚಿದರು, ಸಗಣಿ ಕಲಸಿ ಹಾಕಿದರು, ನಲ್ಲಿಗೆ ಪೈಪು ಕಟ್ಟಿ ಸಣ್ಣಗೆ ನೀರು ಬಿಟ್ಟರು. ದಿನಾ ಬೆಳಿಗ್ಗೆ ತಂಗಿ ಮೊಣಕೈವರೆಗೆ ಕೈ ಮುಳುಗಿಸಿ ಅಂಗೈ ಕಾಣುತ್ತದೆಯೇ ಎಂದು ನೋಡುತ್ತಿದ್ದಳು. ಹಾಗೆ ನೋಡಬೇಕೆಂದು ಮರಿ ಮಾರುವವನೇ ಹೇಳಿಕೊಟ್ಟಿದ್ದ. "ಇನ್ನೂ ಕಾಣ್ತಿದೆ ಅಕ್ಕ." "ಇವತ್ತು ಸ್ವಲ್ಪ ಮಸಕು." ಕೊನೆಗೊಂದು ದಿನ ಒಳಗೆ ಓಡಿಬಂದಳು. "ಕಾಣ್ತಿಲ್ಲ! ನನ್ನ ಕೈ ನನಗೇ ಕಾಣ್ತಿಲ್ಲ!"

ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಗೆಂಡೆ ಮೀನಿನ ಮರಿಗಳು ಬಂದವು. ಬೆರಳಿನ ಗೆಣ್ಣಿನಷ್ಟು ಉದ್ದ. ಚೀಲವನ್ನು ಹಾಗೇ ನೀರಿನಲ್ಲಿ ತೇಲಲು ಬಿಡಬೇಕು, ಒಳಗಿನ ನೀರು ಹೊರಗಿನ ನೀರಿನ ಬಿಸಿಗೆ ಹೊಂದಿಕೊಂಡ ಮೇಲೆ ಬಾಯಿ ಬಿಚ್ಚಬೇಕು. ತಂಗಿ ಎರಡೂ ಕೈಗಳಿಂದ ಚೀಲವನ್ನು ಆಧರಿಸಿ ಹಿಡಿದು ದಡದಲ್ಲಿ ಕೂತಿದ್ದಳು. ಅವಳು ಹಿಡಿದಿದ್ದ ರೀತಿ ನೋಡಲಾರದೆ ಅಕ್ಕ ಮುಖ ತಿರುಗಿಸಿದಳು. ಬಾಯಿ ಬಿಚ್ಚಿದಾಗ ಮರಿಗಳು ಒಂದೊಂದಾಗಿ, ಅನುಮಾನದಿಂದ, ಆಮೇಲೆ ಗುಂಪಾಗಿ ಹೊರಟವು. "ಹೋದ್ವು ಅಕ್ಕ, ಎಲ್ಲಾ ಹೋದ್ವು" ಎಂದ ತಂಗಿಯ ಕಣ್ಣಲ್ಲಿ ಎಷ್ಟೋ ಕಾಲದ ಮೇಲೆ ಬೆಳಕಿತ್ತು.

"ಈ ಹೊಂಡಕ್ಕೆ ಇಷ್ಟೇ ಸಾಕು" ಎಂದಿದ್ದ ಮರಿ ಮಾರುವವನು. "ಆಸೆ ಪಡ್ಬೇಡಿ. ಮೀನಿಗೂ ಉಸಿರು ಬೇಕು."

ಅಕ್ಕನಿಗೆ ಮೀನಿನ ಆಸೆ ಇರಲಿಲ್ಲ. ಅವಳಿಗೆ ಆ ಬೆಳಕನ್ನು ಇನ್ನೊಮ್ಮೆ ನೋಡುವ ಆಸೆ. ಮುಂದಿನ ವಾರ, ಇವನು ಮಾರಲಾರೆ ಅನ್ನುತ್ತಾನೆಂದು ಗೊತ್ತಿದ್ದು, ಬೇರೆ ಯಾರದೋ ಬಳಿ ಇನ್ನೊಂದು ಚೀಲ ಕೊಂಡು ತಂದಳು.

"ಅಕ್ಕ, ಅವರು ಬೇಡ ಅಂದಿದ್ರಲ್ಲ" ಎಂದಳು ತಂಗಿ.

"ಅವನಿಗೇನು ಗೊತ್ತು! ಹೆಚ್ಚು ಇದ್ರೆ ಒಂದಕ್ಕೊಂದು ಜೊತೆ. ಬಿಡು ನೀನು."

ತಂಗಿ ಬಿಟ್ಟಳು. ಮರಿಗಳು ಬೆಳೆದವು. ತಂಗಿ ತೌಡು, ಹಿಂಡಿ ಅಳತೆಯಾಗಿ ಹಾಕುವಳು. ಅವಳು ಅತ್ತ ಹೋದಾಗ ಅಕ್ಕ, ಪಾಪ ಬಾಯಿ ಬಾಯಿ ಬಿಡುತ್ತವೆ ಎಂದು ಇನ್ನೊಂದು ಬೊಗಸೆ ಎರಚುವಳು. ಬೊಗಸೆಗೆ ಮುತ್ತಿಕೊಳ್ಳುವ ಮೀನುಗಳನ್ನು ನೋಡಲು ಬಟ್ಟೆ ಕೊಡಲು ಬಂದವರೂ ಹಿತ್ತಲಿಗೆ ನಡೆಯುತ್ತಿದ್ದರು. ತಂಗಿ ಅವರಿಗೆ ವಿವರಿಸುತ್ತಿದ್ದಳು, ನಡುನಡುವೆ ಹಾಡು ಗುನುಗುತ್ತಿದ್ದಳು. ಎಲ್ಲ ಸರಿಹೋಯಿತು ಎಂದು ಟೇಲರಕ್ಕ ನಂಬಿದಳು.

ಆಮೇಲೆ ಮೋಡ ಕವಿಯಿತು. ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಎಲೆ ಅಲುಗದ ಸೆಕೆ. ದಿನದ ಮೇಲೆ ದಿನ ಹಾಗೇ. ನೀರು ಗಟ್ಟಿ ಹಸಿರಾಯಿತು. ಒಂದು ಮುಂಜಾನೆ ತಂಗಿಯ ಕೂಗಿಗೆ ಅಕ್ಕ ಎದ್ದು ಓಡಿದಳು. ನೀರಿನ ಮೇಲೆಲ್ಲ ಮೀನುಗಳು ಬಾಯಿ ಮೇಲೆತ್ತಿ ಗಾಳಿ ಗುಟುಕರಿಸುತ್ತಿದ್ದವು. ಕೆಲವು ಆಗಲೇ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ತಂಗಿ ಸೊಂಟದವರೆಗೆ ನೀರಿಗಿಳಿದು ಎರಡೂ ಕೈಯಿಂದ ನೀರು ಬಡಿಯುತ್ತಿದ್ದಳು. "ಉಸಿರಾಡ್ತಿಲ್ಲ ಅಕ್ಕ, ಉಸಿರಾಡ್ತಿಲ್ಲ, ಏನಾದ್ರೂ ಮಾಡು!" ಅಕ್ಕ ನಲ್ಲಿ ತಿರುಗಿಸಿದಳು. ಆ ಹೊತ್ತಿಗೆ ನಲ್ಲಿಯಲ್ಲಿ ನೀರಿರಲಿಲ್ಲ. ಹೊತ್ತೇರುವಷ್ಟರಲ್ಲಿ ಬಹುಪಾಲು ಸತ್ತಿದ್ದವು. ಗೋಡೆಯಾಚೆ ಪಕ್ಕದ ಮನೆಯವರು ಮತ್ತೆ ಇಣುಕಿದ್ದರು. ಯಾರೋ, "ಅಯ್ಯೋ, ಏನಾಯ್ತು ಟೇಲರಕ್ಕ?" ಎಂದು ಕೇಳಿದರು.

ಎರಡನೆಯ ಚೀಲ, ಆ ಬೊಗಸೆ ಬೊಗಸೆ ಹಿಂಡಿ, ಎಲ್ಲ ಟೇಲರಕ್ಕನಿಗೆ ಒಟ್ಟಿಗೇ ನೆನಪಾಯಿತು. ತಪ್ಪು ತನ್ನದೆಂದು ಎದೆಯ ಯಾವುದೋ ಮೂಲೆಗೆ ತಿಳಿದುಹೋಗಿತ್ತು. ಆ ತಿಳಿವಳಿಕೆಯಿಂದ ತಪ್ಪಿಸಿಕೊಳ್ಳಲು ಜಾಗ ಹುಡುಕುತ್ತಿದ್ದ ನಾಲಿಗೆಗೆ ಎದುರಿಗೆ ಸಿಕ್ಕವಳು ತಂಗಿ.

"ಆಗೋದೇನು! ನೀನು ಕಾಲಿಟ್ಟ ಕಡೆ ಯಾವ ಜೀವ ತಾನೇ ಉಳಿದಿದೆ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಹೋದದ್ದು ಎಷ್ಟು ಎಂಬುದು ಅಕ್ಕನಿಗೆ ಆ ಕ್ಷಣವೇ ಕಂಡಿತು. ನೀರು ಬಡಿಯುತ್ತಿದ್ದ ತಂಗಿಯ ಕೈಗಳು ನಿಂತವು. ಅವಳು ಅಕ್ಕನನ್ನು ನೋಡಲಿಲ್ಲ. ಮೆಲ್ಲನೆ ದಡ ಹತ್ತಿ, ಒದ್ದೆ ಬಟ್ಟೆಯಲ್ಲೇ ಒಳಗೆ ನಡೆದಳು.

"ಪುಟ್ಟೀ, ನಾನು ಹಾಗಂದದ್ದಲ್ಲ..." ಎಂದು ಅಕ್ಕ ಹಿಂದೆಯೇ ಓಡಿದಳು. ತಂಗಿ ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರಿ ಮಾರುವವನು ಮಧ್ಯಾಹ್ನ ಬಂದು ಸತ್ತ ಮೀನುಗಳನ್ನು ಬಲೆಯಲ್ಲಿ ಎತ್ತಿ ಹೂತ. ಗಾತ್ರ ನೋಡಿಯೇ ಅವನಿಗೆ ಗೊತ್ತಾಯಿತು. "ಇದು ನನ್ನ ಮರಿ ಅಲ್ಲ. ಇನ್ನೊಂದು ಚೀಲ ಬಿಟ್ರಾ?" ಎಂದ. ಟೇಲರಕ್ಕ ತಲೆಯಾಡಿಸಿದಳು. "ಇಷ್ಟು ಮೀನು, ಇಷ್ಟು ಹಿಂಡಿ, ಮೇಲೆ ಬಿಸಿಲಿಲ್ಲ. ಬೆಳಗಾಗೋದರೊಳಗೆ ನೀರಲ್ಲಿ ಉಸಿರೇ ಖಾಲಿಯಾಗುತ್ತೆ. ಯಾರ ತಪ್ಪೂ ಅಲ್ಲ ಬಿಡಿ" ಎಂದು ಸಮಾಧಾನ ಹೇಳಿದ. ಅವಳು ತಂಗಿ ಹಾಕಿಕೊಂಡಿದ್ದ ಬಾಗಿಲ ಬಳಿ ಹೋಗಿ ಜೋರಾಗಿ ಹೇಳಿದಳು. "ಕೇಳಿಸ್ಕೊಂಡ್ಯಾ ಪುಟ್ಟಿ? ನನ್ನ ತಪ್ಪು. ನಾನೇ ಮಾಡಿದ್ದು. ನಿನ್ನದು ಏನೇನೂ ಇಲ್ಲ."

"ಗೊತ್ತು ಅಕ್ಕ" ಎಂದಿತು ಒಳಗಿನ ದನಿ. ಸಿಟ್ಟಿಲ್ಲದ, ಸೋತ ದನಿ.

ಆ ತಿಂಗಳು ಕಳೆಯುವ ಮೊದಲೇ ತಂಗಿ ದೂರದ ಊರಿನ ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸ ಹಿಡಿದಳು. ಹೊರಡುವಾಗ ಅಕ್ಕನನ್ನು ತಬ್ಬಿಕೊಂಡಳು, ಉಳಿದಿದ್ದ ಮೀನುಗಳಿಗೆ ಎಷ್ಟು ತೌಡು ಹಾಕಬೇಕೆಂದು ಹೇಳಿದಳು. ಜಗಳವಾಡಿ ಹೋಗಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳೇನೋ.

ಮನೆ ಬಿಕೋ ಅನ್ನತೊಡಗಿತು. ಒಮ್ಮೆ ಟೇಲರಕ್ಕ ತಡೆಯಲಾರದೆ ಆ ಊರಿಗೆ ಹೋದಳು. ತಂಗಿ ಹಾಸ್ಟೆಲಿನ ಹಿಂದಿನ ಬೆಂಚಿನ ಮೇಲೆ ಕೂರಿಸಿ ಊಟ ಬಡಿಸಿದಳು. ಸ್ವಲ್ಪ ಮೈ ಕೈ ತುಂಬಿಕೊಂಡಿದ್ದಳು. ಅಕ್ಕ ತಟ್ಟೆ ಮುಟ್ಟಲಿಲ್ಲ.

"ಮನೆಗೆ ಬಾರೇ. ಕಾಲಿಗೆ ಬೀಳ್ತೀನಿ. ನನ್ನ ಮೇಲೆ ಇನ್ನೂ ಕೋಪಾನಾ?"

"ಇಲ್ಲಕ್ಕ, ನಿಜವಾಗ್ಲೂ ಇಲ್ಲ." ತಂಗಿ ಅವಳ ಕೈ ಹಿಡಿದುಕೊಂಡಳು. "ಅತ್ತೆ ಅಂದಾಗ ನಾನು ಅತ್ತಿದ್ದೆ, ಆದ್ರೆ ನಂಬಿರ್ಲಿಲ್ಲ. ನೀನು ಬಂದು ಅವರನ್ನ ಬಯ್ದೆಯಲ್ಲ, ಅದಕ್ಕೇ ನಂಬಿರ್ಲಿಲ್ಲ. ಈಗ ನಮ್ಮನೆ ಬಾಗಿಲು ನೆನೆಸ್ಕೊಂಡ್ರೆ ನನ್ನ ಕಾಲನ್ನೇ ನೋಡ್ಕೋತೀನಿ. ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಸುಮ್ನೆ ನಡೀತೀನಿ, ಓಡಾಡ್ತೀನಿ. ಬಿಟ್ಬಿಡು ಅಕ್ಕ."

ಟೇಲರಕ್ಕ ಎದ್ದು ಚಪ್ಪಲಿ ಮೆಟ್ಟಿದಳು. ತಂಗಿ ನಿಲ್ದಾಣದವರೆಗೆ ಬಂದಳು, ಬಸ್ಸು ಹತ್ತಿಸಿದಳು, ಅಕ್ಕ ಮುಟ್ಟದೆ ಬಿಟ್ಟ ಊಟವನ್ನು ಕಟ್ಟಿ ತಂದಿದ್ದಳು, ಅದನ್ನು ಕಿಟಕಿಯಿಂದ ಕೊಟ್ಟಳು. "ದಾರೀಲಾದ್ರೂ ತಿನ್ನು. ಊರು ಮುಟ್ಟಿದ ತಕ್ಷಣ ಫೋನ್ ಮಾಡು." ಬಸ್ಸು ತಿರುವು ದಾಟುವವರೆಗೆ ಅವಳು ಕೈ ಬೀಸುತ್ತ ನಿಂತಿದ್ದಳು.

ತಿರುವು ದಾಟಿದ ಮೇಲೆ ಟೇಲರಕ್ಕ ಬಿಸಿಯಾರದ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸಿನವರೆಲ್ಲ ತಿರುಗಿ ನೋಡುವಂತೆ ಬಿಕ್ಕಿ ಬಿಕ್ಕಿ ಅತ್ತಳು. ಪಕ್ಕದಲ್ಲಿದ್ದ ಹೆಂಗಸು ತನ್ನ ಚೀಲವನ್ನು ಕಾಲಬುಡಕ್ಕೆ ಇಳಿಸಿ, ಅವಳಿಗೆ ಒಂದಿಷ್ಟು ಜಾಗ ಮಾಡಿಕೊಟ್ಟಳು.