ಕೈ ಜಾರಿಸುವ ಪಾಠ

ಚೆಂಡು ನೆಟ್ಟಗೆ ಬಂದು ರಕ್ಷಾಳ ಎರಡು ಅಂಗೈಗಳ ನಡುವೆ ಕೂತಿತು. ಅವಳು ಅದನ್ನು ಒಂದು ಗಳಿಗೆ ನೋಡಿದಳು, ಆಮೇಲೆ ಬೆರಳು ಸಡಿಲಿಸಿದಳು. ಚೆಂಡು ಪಾದದ ಬಳಿ ಬಿದ್ದು ಪುಟಿಯಿತು. ರಕ್ಷಾ ಹಣೆಗೆ ಕೈ ಬಡಿದುಕೊಂಡಳು. ಹಾಗೆ ಬಡಿದುಕೊಳ್ಳುವುದನ್ನೂ ಅವಳಿಗೆ ಕಲಿಸಿಕೊಟ್ಟಿದ್ದರು. ಸುತ್ತ ನೆರೆದಿದ್ದ ಹೆಂಗಸರು ತಟ್ಟಿದ ಚಪ್ಪಾಳೆಗೆ ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಬಸ್ಸುಗಳೂ ಬೆಚ್ಚಿರಬೇಕು.

ನೆಟ್ಟಿನ ಆಚೆ ಅವಳ ಅಜ್ಜಿ ದ್ಯಾವಮ್ಮ ನಿಂತಿದ್ದಳು. ಅರವತ್ತೆಂಟರ ಹೆಂಗಸು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಈ ಅಂಕದಿಂದ ಅವಳ ಕಡೆಗೆ ಹದಿನಾಲ್ಕು, ಹುಡುಗಿಯರಿಗೆ ಹದಿಮೂರು. ಇನ್ನೊಂದು ಬಂದರೆ ಆಟ ಅವಳದೇ. ಆದರೂ ದ್ಯಾವಮ್ಮ ನಗಲಿಲ್ಲ. ಮೊಮ್ಮಗಳನ್ನೇ ದಿಟ್ಟಿಸುತ್ತಿದ್ದಳು.

ಹೆಣ್ಣುಮಕ್ಕಳ ಹೈಸ್ಕೂಲಿನ ವಾರ್ಷಿಕೋತ್ಸವದ ಬೆಳಿಗ್ಗೆ, ಇಲ್ಲಿ ಓದಿ ಹೋದವರಿಗೂ ಓದುತ್ತಿರುವವರಿಗೂ ಥ್ರೋಬಾಲ್ ನಡೆಯುತ್ತದೆ. ಓದಿ ಹೋದವರು ಗೆಲ್ಲಲೇಬೇಕು. ಇದು ಶಾಲೆಯಷ್ಟೇ ಹಳೆಯ ಪದ್ಧತಿ. ಶಾಲೆ ಶುರುವಾದದ್ದು ಒಬ್ಬ ಪ್ಲಾಂಟರ್ ಬಿಟ್ಟುಕೊಟ್ಟ ಕಾಫಿ ಗೋದಾಮಿನಲ್ಲಿ. ಈಗ ಆಟ ನಡೆಯುತ್ತಿರುವ ಅಂಕಣವೇ ಆಗ ಕಾಫಿ ಒಣಗಿಸುತ್ತಿದ್ದ ಮಣ್ಣಿನ ಕಣ. ಮೊದಲ ವರ್ಷ ಓದಿ ಹೋದವರು ಯಾರೂ ಇರಲಿಲ್ಲವಲ್ಲ, ಹುಡುಗಿಯರ ಎದುರು ಅವರ ಅಮ್ಮಂದಿರನ್ನೇ ನಿಲ್ಲಿಸಿದ್ದರು. ಶಾಲೆಯ ಬಾಗಿಲು ಕಾಣದ ಅಮ್ಮಂದಿರು. ದೊಡ್ಡವಳಾದ ಮಗಳಿಗೆ ಇನ್ನು ಓದು ಸಾಕು ಎಂದು ಮನೆಯಲ್ಲಿ ಮಾತಾಡಿಕೊಂಡೇ ಬಂದಿದ್ದವರು. ಹುಡುಗಿಯರು ಒಳಗೊಳಗೇ ಮಾತಾಡಿಕೊಂಡು ಬೇಕೆಂದೇ ಸೋತುಬಿಟ್ಟರು. ಗೆದ್ದ ಖುಷಿಗೆ ಒಬ್ಬ ಅಮ್ಮ ಬಸ್ಸು ಹತ್ತುವುದನ್ನೇ ಮರೆತು ಅಷ್ಟು ದೂರದ ಬಣಕಲ್ಲಿನವರೆಗೆ ನಡೆದುಹೋದಳಂತೆ. ಮರುವರ್ಷ ಒಬ್ಬ ಹುಡುಗಿಯೂ ಶಾಲೆ ಬಿಡಲಿಲ್ಲ. ಇನ್ನೊಂದು ಸಲ ಗೆಲ್ಲುವ ಆಸೆ ಅಮ್ಮಂದಿರಿಗೆ ಹತ್ತಿಕೊಂಡಿತ್ತು.

ಅಂದಿನಿಂದ ಹುಡುಗಿಯರು ಸೋಲುತ್ತಲೇ ಬಂದಿದ್ದಾರೆ. ಸೋತವರೇ ಮುಂದೆ ಆ ಕಡೆ ಹೋಗಿ ಗೆಲ್ಲುತ್ತಾರೆ. ಸುಳ್ಳೆಂದು ಎಲ್ಲರಿಗೂ ಗೊತ್ತು, ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ. ಇಡೀ ತಾಲ್ಲೂಕಿನ ಹೆಂಗಸರು ಸೇರಿ ಇಷ್ಟು ಕಾಲ ಕಾಪಾಡಿದ ಗುಟ್ಟು ಇನ್ನೊಂದು ಇರಲಾರದು.

ವಾರ್ಷಿಕೋತ್ಸವಕ್ಕೆ ಒಂದು ವಾರ ಮುಂಚೆ ಡ್ರಿಲ್ ಟೀಚರ್ ಅಂಜನಮ್ಮ ಹುಡುಗಿಯರಿಗೆ ಸೋಲುವುದನ್ನು ಅಭ್ಯಾಸ ಮಾಡಿಸುತ್ತಾರೆ. ಅವರೂ ಇದೇ ಶಾಲೆಯವರು. ಬೇಗ ಬಿಟ್ಟರೂ ಗೊತ್ತಾಗುತ್ತದೆ, ತಡವಾಗಿ ಬಿಟ್ಟರೂ ಗೊತ್ತಾಗುತ್ತದೆ, ಹಿಡಿದೆ ಎಂದು ನಿಮಗೇ ಅನ್ನಿಸಬೇಕು, ಆಗ ಬಿಡಬೇಕು ಎನ್ನುತ್ತಾರೆ. ಈ ಸಲ ಹುಡುಗಿಯರ ಕ್ಯಾಪ್ಟನ್ ರಕ್ಷಾ, ಒಂದೇ ಒಂದು ಸಲ ನಿಜವಾಗಿ ಆಡಲೇ ಎಂದು ಕೇಳಿದ್ದಳು.

"ಮುಂದಿನ ವರ್ಷ ನೀನೂ ಆ ಕಡೆಯೋಳೇ ಅಲ್ವೇನೆ? ಆಗ ಗೆಲ್ಲು" ಎಂದಿದ್ದರು ಅಂಜನಮ್ಮ.

ರಕ್ಷಾಳ ಸಂಕಟವೂ ಅದೇ. ಅವಳೀಗ ಹತ್ತನೇ ಕ್ಲಾಸು. ಮುಂದಿನ ವರ್ಷ ಅಜ್ಜಿಯ ಪಕ್ಕದಲ್ಲೇ ನಿಲ್ಲಬೇಕು. ಅವರಿಬ್ಬರ ನಡುವೆ ನೆಟ್ಟು ಇರುವುದು ಇದೇ ಕೊನೆ. ಗೋದಾಮಿನ ಗೋಡೆಗೆ ಎಸೆದು ಹಿಡಿಯುವುದನ್ನು ಅವಳಿಗೆ ಕಲಿಸಿದವಳೇ ಅಜ್ಜಿ. ತನ್ನ ಕಾಲದಲ್ಲಿ ತಾನು ಎಸೆದ ಚೆಂಡು ಹಿಡಿದವರ ಕೈಬಳೆ ಪುಡಿಯಾಗಿ, ಊರಿಗೆ ಬಂದ ಬಳೆಗಾರ ಮೂರು ದಿನ ಇಲ್ಲೇ ಉಳಿಯಬೇಕಾಯಿತು ಎಂದು ಅಕ್ಕಿರೊಟ್ಟಿ ತಟ್ಟುತ್ತಲೇ ಕೊಚ್ಚಿಕೊಳ್ಳುವವಳು. ಅದರಲ್ಲಿ ಎಷ್ಟು ನಿಜವೆಂದು ರಕ್ಷಾಳಿಗೆ ತಿಳಿಯಬೇಕಿತ್ತು. ತಾನೆಷ್ಟು ಎಂಬುದೂ ತಿಳಿಯಬೇಕಿತ್ತು. ಆದರೂ ಪದ್ಧತಿ ಮುರಿಯುವ ಧೈರ್ಯ ಸಾಲದೆ ಬೆರಳು ಸಡಿಲಿಸಿದ್ದಳು.

ಅಂಜನಮ್ಮ ಸೀಟಿ ಊದಿದರು. ಸರ್ವಿಸ್ ದ್ಯಾವಮ್ಮನದು. ಅವಳು ಚೆಂಡನ್ನು ಎರಡು ಸಲ ನೆಲಕ್ಕೆ ಕುಟ್ಟಿ ಸೀದಾ ನೆಟ್ಟಿಗೆ ಎಸೆದಳು.

ಹದಿನಾಲ್ಕು ಸಮ. ಇನ್ನು ಬೆನ್ನುಬೆನ್ನಿಗೆ ಎರಡು ಅಂಕ ತೆಗೆದವರಿಗೆ ಆಟ. ಹುಡುಗಿಯರ ಕಡೆಯ ಕವನಾ ಅಜ್ಜಿಗೆ ಸುಲಭವಾಗಲೆಂದು ಮೆಲ್ಲಗೆ ಎಸೆದಳು. ದ್ಯಾವಮ್ಮ ನೊಣ ಓಡಿಸುವವಳ ಹಾಗೆ ಕೈ ಆಡಿಸಿ ಚೆಂಡನ್ನು ಪಕ್ಕದಲ್ಲೇ ಬೀಳಲು ಬಿಟ್ಟಳು. ಹುಡುಗಿಯರು ಒಂದು ಅಂಕ ಮುಂದೆ. ರಕ್ಷಾ ಗಾಬರಿಯಾಗಿ ಮುಂದಿನ ಚೆಂಡನ್ನು ಗೆರೆಯ ಹೊರಗೆ ಎಸೆದಳು. ಮತ್ತೆ ಸಮ. ದ್ಯಾವಮ್ಮ ಮತ್ತೆ ನೆಟ್ಟಿಗೆ ಹೊಡೆದಳು. ಕವನಾ ಕಾಲು ಜಾರಿದವಳಂತೆ ಕೂತೇಬಿಟ್ಟಳು. ಇದೇ ಲೆಕ್ಕದಲ್ಲಿ ಹೋದರೆ ಬರುವ ವಾರ್ಷಿಕೋತ್ಸವಕ್ಕೂ ಆಟ ಮುಗಿಯುವಂತಿರಲಿಲ್ಲ.

ದ್ಯಾವಮ್ಮನ ಪಕ್ಕದಲ್ಲಿ ಹೊರನಾಡಿನ ಸತ್ಯವತಿ ಆಡುತ್ತಿದ್ದಳು. ಇಬ್ಬರೂ ಒಂದೇ ಬೆಂಚಿನವರು. ಸತ್ಯವತಿ ಚೆಂಡನ್ನೂ ತೀರ್ಥ ತೆಗೆದುಕೊಳ್ಳುವ ಭಕ್ತಿಯಿಂದ ಹಿಡಿಯುವವಳು. ಅವಳಿಗೆ ತಡೆಯಲಾಗಲಿಲ್ಲ.

"ಕಣ್ಣಿಗೆ ಪೊರೆ ಬಂತೇನೆ ದ್ಯಾವು? ಬಿಸಿಲಲ್ಲಿ ಎಷ್ಟು ಹೊತ್ತು ನಿಲ್ಲಿಸ್ತೀಯ?"

ದ್ಯಾವಮ್ಮ ನೆಟ್ಟಿನ ಹತ್ತಿರ ಬಂದು, ತನ್ನ ಸರದಿಯ ಚೆಂಡನ್ನು ಮೊಮ್ಮಗಳ ಕಡೆಗೆ ಉರುಳಿಸಿ ಅವಳನ್ನು ಕರೆದಳು.

"ಏನೇ ಅದು, ಆಗ್ಲೇ ಕೈಯಿಂದ ಬಿಟ್ಟಿದ್ದು?"

"ಕೈ ಜಾರ್ತು ಅಜ್ಜಿ."

"ಜಾರ್ತಾ? ಆ ಜಾರೋ ಪಾಠನ ನಿಮ್ಮಜ್ಜ ಹೆಣ್ಣು ನೋಡಕ್ಕೆ ಬರೋ ಮೊದ್ಲೇ ಇದೇ ಕಣದಲ್ಲಿ ಕಲ್ತೋಳು ನಾನು. ಯಾರ ಹತ್ರ ಹೇಳ್ತಿದೀಯ?"

ರಕ್ಷಾ ತಲೆ ತಗ್ಗಿಸಿದಳು. ಯಾರೂ ಬಾಯಿ ಬಿಟ್ಟು ಹೇಳಬಾರದ್ದನ್ನು ದ್ಯಾವಮ್ಮ ನಡುಹಗಲಿನಲ್ಲಿ, ಹೆಡ್‌ಮಿಸ್ಟ್ರೆಸ್ ಎದುರಿನಲ್ಲೇ ಆಡಿಬಿಟ್ಟಿದ್ದಳು.

"ಗೆದ್ದೂ ಗೆದ್ದೂ ಸಾಕಾಗಿದೆ ಮಾರಾಯ್ತಿ" ಎಂದಳು ದ್ಯಾವಮ್ಮ, ಈಗ ಸ್ವಲ್ಪ ಮೆತ್ತಗೆ. "ನೀನು ಹೊಡ್ದಿದ್ದನ್ನ ನಾನು ಹಿಡೀತೀನೋ ಇಲ್ವೋ, ಅದೊಂದು ಗೊತ್ತಾಗ್ಬೇಕು ನಂಗೆ."

"ನೀವು ಬಿದ್ರೆ?"

"ಬಿದ್ರೆ ಏಳ್ತೀನಿ. ಏಳಕ್ಕಾಗ್ದಿದ್ರೆ ಎತ್ತಕ್ಕೆ ಸತ್ಯವತಿ ಇದಾಳೆ."

ಸತ್ಯವತಿ, ತನ್ನನ್ನೇ ಎತ್ತಲು ಇಬ್ಬರು ಬೇಕು ಎಂದಳು. ರಕ್ಷಾ ಅಂಜನಮ್ಮನ ಕಡೆ ನೋಡಿದಳು. ಅಂಜನಮ್ಮ ಸೀಟಿಯನ್ನು ಬಾಯಲ್ಲಿಟ್ಟುಕೊಂಡು, ಅಡುಗೆ ಚಪ್ಪರದ ಹೊಗೆ ಯಾವ ದಿಕ್ಕಿಗೆ ಹೋಗುತ್ತಿದೆ ಎಂದು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಹಾಗೇ ನೋಡುತ್ತ ಊದಿದರು.

ರಕ್ಷಾ ಹೊಡೆದಳು.

ಚೆಂಡು ದ್ಯಾವಮ್ಮನ ಎದೆಯ ಮಟ್ಟಕ್ಕೆ ಬಂದು ಅವಳ ಕೈಯಲ್ಲಿ ಪಟಾಕಿಯಂತೆ ಸದ್ದು ಮಾಡಿತು. ಅವಳು ಹಿಡಿದಳು, ಹಿಡಿದ ಉಸಿರಿನಲ್ಲೇ ತಿರುಗಿ ಎಸೆದಳು. ಅಜ್ಜಿ ಹಾಗೆ ಎಸೆಯುವುದನ್ನು ರಕ್ಷಾ ಈವರೆಗೆ ನೋಡಿರಲಿಲ್ಲ. ಹಿಡಿಯಲೆಂದೇ ಕೈ ಚಾಚಿದ್ದಳು, ಚೆಂಡು ಅಂಗೈಗೆ ಬಡಿದು ಚಿಮ್ಮಿಹೋಯಿತು. ಈ ಸಲ ನಿಜವಾಗಿ. ಅಂಗೈ ಉರಿಯಿತು. ಅವಳ ಮುಖ ಅರಳಿದ್ದು ಕಂಡು, ಇವಳಿಗೇನಾಯಿತೆಂದು ಕವನಾಳಿಗೆ ಚಿಂತೆಯಾಯಿತು.

ಮುಂದಿನ ಅಂಕ ಹುಡುಗಿಯರಿಗೆ. ಮತ್ತೆ ಸಮ. ಸತ್ಯವತಿ ಭಕ್ತಿ ಬಿಟ್ಟು ಕಚ್ಚೆ ಹಾಕಿ ನಿಂತಳು. ಆದರೂ ಅವಳ ಕೈಯಿಂದ ಒಂದು ಚೆಂಡು ತಪ್ಪಿ ಹುಡುಗಿಯರು ಒಂದು ಮುಂದೆ ಹೋದರು. ಆಮೇಲೆ ಚೆಂಡು ನೆಟ್ಟಿನ ಮೇಲೆ ಎಷ್ಟು ಸಲ ಹಾದುಹೋಯಿತೋ, ನೋಡುತ್ತಿದ್ದವರ ಕುತ್ತಿಗೆ ನೋವು ಶಿವರಾತ್ರಿಯವರೆಗೂ ಇಳಿಯಲಿಲ್ಲವಂತೆ. ಕೊನೆಗೆ ರಕ್ಷಾ ಅಜ್ಜಿಯನ್ನು ಬಿಟ್ಟು ಎಡಗಡೆಯ ಖಾಲಿ ಮೂಲೆಗೆ ಎಸೆದಳು. ದ್ಯಾವಮ್ಮ ಓಡಿದಳು. ಚಾಚಿದ ಬೆರಳ ತುದಿಗೆ ಚೆಂಡು ತಾಗಿತು, ನಿಲ್ಲಲಿಲ್ಲ. ಅದರ ಹಿಂದೆಯೇ ಅವಳೂ ಮಣ್ಣಿಗೆ ಬಿದ್ದಳು.

ಮೊದಲ ಸಲ ಆಟ ಹುಡುಗಿಯರದಾಗಿತ್ತು, ಯಾರೂ ಚಪ್ಪಾಳೆ ತಟ್ಟಲಿಲ್ಲ. ರಕ್ಷಾ ನೆಟ್ಟಿನಡಿ ನುಸುಳಿ ಓಡಿ ಬಂದಳು. ಅಷ್ಟರಲ್ಲಿ ದ್ಯಾವಮ್ಮ ಎದ್ದು ಕೂತಿದ್ದಳು. ಕೆನ್ನೆಗೆ ಮಣ್ಣು, ಸೆರಗಿಗೆ ಮಣ್ಣು. ಮೊಮ್ಮಗಳು ಚಾಚಿದ ಕೈ ಹಿಡಿದುಕೊಂಡಳು, ಆದರೆ ಏಳಲಿಲ್ಲ. ಆ ಕೈಯನ್ನು ತಿರುಗಿಸಿ ಅಂಗೈ ನೋಡಿದಳು. ಕೆಂಪಗೆ, ಗಿಡದಲ್ಲಿ ಹಣ್ಣಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು.

"ಉರೀತಿದ್ಯಾ?"

"ಹೂಂ."

"ಸುಳ್ಳು ಹೇಳ್ಬೇಡ ನಂಗೆ."

"ಇಲ್ಲ ಅಜ್ಜಿ. ನಿಜವಾಗ್ಲೂ ಉರೀತಿದೆ."

ದ್ಯಾವಮ್ಮ ನಗತೊಡಗಿದಳು. ಮಣ್ಣಿನಲ್ಲಿ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ರಕ್ಷಾ ಅವಳ ಪಕ್ಕದಲ್ಲೇ ಕುಸಿದು ಕೂತು ತಾನೂ ನಕ್ಕಳು.

ಊಟದ ಗಂಟೆ ಹೊಡೆಯಿತು. ಊಟಕ್ಕೆ ಯಾರೂ ಏಳಲಿಲ್ಲ. ಶಾಮಿಯಾನದಡಿಯಲ್ಲಿ ಬೆಳಿಗ್ಗೆಯಿಂದ ಮಂಡಿನೋವಿನ ಕತೆ ಹೇಳುತ್ತಿದ್ದ ಗಿಡ್ಡಮ್ಮ ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದು ಅಂಕಣದ ಅಂಚಿಗೆ ಬಂದಳು, ತಾನೂ ಆಡುತ್ತೇನೆಂದು ಚಪ್ಪಲಿ ಬಿಟ್ಟಳು. ಅವಳ ಹಿಂದೆ ಇನ್ನೊಬ್ಬಳು. ಸೌಟು ಹಿಡಿದೇ ಬಂದ ಅಡುಗೆಯವರು ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತರು. ಅಂಜನಮ್ಮ ಕುತ್ತಿಗೆಯಿಂದ ಸೀಟಿ ತೆಗೆದು ಕವನಾಳ ಕೈಗೆ ಕೊಟ್ಟು, ಬಗ್ಗಿ ಶೂವಿನ ದಾರ ಬಿಚ್ಚತೊಡಗಿದರು. ಬಿಳಿ ಗೆರೆಯ ಉದ್ದಕ್ಕೂ, ಒಂದರ ಪಕ್ಕ ಒಂದು, ಚಪ್ಪಲಿಗಳ ಸಾಲು ಬೆಳೆಯುತ್ತ ಹೋಯಿತು.